ಬಿಲ್ಲೆ

ಆ ಕುರ್ಚಿಗೆ ಮೂರೇ ಕಾಲು, ಗೋಡೆಗೆ ಒರಗಿಸಿ ಕೂತ್ಕೊಳ್ಳಿ.
ಸೈನೈಡ್ ದಿಬ್ಬದ ಪುಡಿ, ಎಷ್ಟು ಒರೆಸಿದರೂ ಅಷ್ಟೆ,
ಗಾಳಿ ಎದ್ದರೆ ಅನ್ನದ ಮೇಲೂ ಒಂದು ಪದರ.
ಚಿನ್ನದ ವಿಷಯ ಕೇಳಲು ಬಂದಿದ್ದೀರಿ.
ನಾನು ಚಿನ್ನ ನೋಡಿದವನಲ್ಲ.
ಮೂವತ್ತೊಂದು ವರ್ಷ ಹಿತ್ತಾಳೆ ನೋಡಿದೆ.

ಮೊರದಗಲದ ಕಿಟಕಿ, ಅದರ ಹಿಂದೆ ನಾನು,
ನನ್ನ ಹಿಂದೆ ಸಾಲಾಗಿ ಮೊಳೆ ಹೊಡೆದ ಹಲಗೆ.
ಇಳಿಯುವವನು ಬಿಲ್ಲೆ ಕೊಟ್ಟು ಇಳಿಯಬೇಕು,
ಹತ್ತಿ ಬಂದವನು ತಾನೇ ಕೇಳಿ ಪಡೆಯಬೇಕು.
ಮೊಳೆಯಲ್ಲಿ ಬಿಲ್ಲೆ ಇದ್ದರೆ ಮನುಷ್ಯ ನೆಲದೊಳಗೆ,
ಮೊಳೆ ಬರಿದಾದರೆ ಅವನಿಗೆ ಮನೆಯಲ್ಲಿ ಮುದ್ದೆ.
ಇದಕ್ಕಿಂತ ದೊಡ್ಡ ಲೆಕ್ಕವೆಲ್ಲ ಬಂಗಲೆಗಳಲ್ಲಿ ನಡೆಯುತ್ತಿತ್ತು.

ಮೊದಲು ಇಲ್ಲಿ ಏನಿತ್ತು ಅಂತೀರ?
ಹುರುಳಿ ಹೊಲ, ಜಾಲಿ, ನರಿ.
ಜಡಿಮಳೆ ನಿಂತ ಮಾರನೆ ದಿನ
ನಮ್ಮ ಮುತ್ತಜ್ಜಿ ಕೊರಕಲಿನ ಮಣ್ಣು ಮರಿಗೆಯಲ್ಲಿ ಜಾಲಿಸಿ
ಅರ್ಧ ಸಾಸಿವೆಯಷ್ಟು ಹೊಳಪು ತೆಗೆದು
ಬೇತಮಂಗಲದ ಶೆಟ್ಟಿಗೆ ಕೊಟ್ಟು ಉಪ್ಪು ತರುತ್ತಿದ್ದಳಂತೆ.
ಆಮೇಲೆ ಡೇರೆ ಬಂತು, ಎತ್ತಿನ ಗಾಡಿಯಲ್ಲಿ ಬಾಯ್ಲರು ಬಂತು,
ಆರ್ಕಾಟಿನಿಂದ, ಚಿತ್ತೂರಿನಿಂದ, ತಲೆಯ ಮೇಲೆ ಮಡಕೆ ಹೊತ್ತು
ಹಸಿವು ನಡೆದುಕೊಂಡೇ ಬಂತು.
ತಟ್ಟಿ ಮನೆಗಳ ಸಾಲು, ಸಾಲಿಗೊಂದು ಕೊಳಾಯಿ,
ಕೊಳಾಯಿಗೊಂದು ಜಗಳ, ಜಗಳಕ್ಕೆ ಮೂರು ಭಾಷೆ.
ಸುತ್ತಲ ಊರೆಲ್ಲ ಹರಳೆಣ್ಣೆಯಲ್ಲಿ ಕಣ್ಣು ಕಿರಿದು ಮಾಡುವಾಗ
ಶಾಫ್ಟಿನ ನೆತ್ತಿಯಲ್ಲಿ ಕರೆಂಟಿನ ದೀಪ.
ದೀಪ ಶಾಫ್ಟಿಗೆ, ನಮಗಲ್ಲ. ಅದು ಬೇರೆ ಮಾತು.

ಕೆಳಗೆ ಬಂಡೆ ಸಿಡಿದರೆ ಮೊದಲು ತಿಳಿಯುತ್ತಿದ್ದುದು
ಗೂಡಿನಲ್ಲಿಟ್ಟ ಪಾತ್ರೆಗಳಿಗೆ.
ಲೋಟ ಗಣಗಣ ಅಂದದ್ದೇ ತಡ, ಹೆಂಗಸರು
ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಓಡಿ ಬರುವರು.
ನನ್ನನ್ನು ಏನೂ ಕೇಳರು.
ನನ್ನ ಹೆಗಲ ಮೇಲಿಂದ ಹಲಗೆ ನೋಡುವರು.
ಅಕ್ಷರ ಬಾರದ ಪೆರಿಯನಾಯಗಿ
ಒಂದೇ ಒಂದು ಸಂಖ್ಯೆ ಓದಲು ಕಲಿತಿದ್ದಳು:
1147. ಗಂಡ ಜಬಮಾಲೆಯದು.

ಆ ಸಲ ಹಲಗೆ ಬರಿದಾಗುತ್ತ, ಬರಿದಾಗುತ್ತ, ಅದೊಂದು ಉಳಿಯಿತು.
ಹನ್ನೊಂದು ದಿನ ಅಗೆದರು. ಹನ್ನೆರಡನೆ ದಿನ ಆ ದಾರಿಗೆ ಗೋಡೆ.
ಬಿಲ್ಲೆ ಇಳಿಸಿ ಹೊಸಬನಿಗೆ ಕೊಡು, ಅಂದರು ಟೈಮ್ ಆಫೀಸಿನವರು.
ಆಗಲಿ ಅಂದೆ. ಇಳಿಸಲಿಲ್ಲ.
ಧೈರ್ಯ ಗೀರ್ಯ ಏನಲ್ಲ ಸ್ವಾಮಿ,
ಅವಳು ದಿನಾ ನೀರಿಗೆ ಹೋಗುವಾಗ ಬಗ್ಗಿ ನೋಡುತ್ತಿದ್ದಳು.

ಕಡೇ ಪಾಳಿಯವರು ಹತ್ತಿ ಬಂದು
ಬಿಲ್ಲೆ ಇಸಕೊಂಡರು, ಯಾತಕ್ಕೆಂದು ತಿಳಿಯದೆ ಜೇಬಿಗೆ ಹಾಕಿದರು.
ಸೈರನ್ ನಿಂತಿತು. ಊರಿಗೆ ಗಂಟೆಯೇ ತಪ್ಪಿಹೋಯಿತು,
ಮಧ್ಯಾಹ್ನ ಮೂರಕ್ಕೆ ಬೆಳಗಿನ ಹಾಲು ಕಾಯುತ್ತಿತ್ತು.
ಹಗ್ಗ ಗುಜರಿಗೆ, ಗಾಲಿ ಗುಜರಿಗೆ.
ಕ್ಲಬ್ಬಿನ ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆಯಲ್ಲಿ
ದರ್ಜಿ ಏಸುಪಾದಂ ಮಗನಿಗೆ ಚಡ್ಡಿ ಹೊಲಿದ.
ಸಿನಿಮಾದವರು ಎಲ್ಲಿಂದಲೋ ಒಂದು ಒಂಟೆ ತಂದು
ನಮ್ಮ ದಿಬ್ಬವನ್ನು ಮರುಭೂಮಿ ಅಂದರು.
ಸುಳ್ಳೇನಲ್ಲ.

ಮಾರಿಕುಪ್ಪಂನಲ್ಲಿ ನಸುಕಿನ ರೈಲಿಗೆ ಇವತ್ತೂ ನೂಕುನುಗ್ಗಲು.
ನೆಟ್ಟಗೆ ಇಳಿಯುತ್ತಿದ್ದವರ ಮಕ್ಕಳು ಈಗ ಅಡ್ಡಕ್ಕೆ ಹೋಗುತ್ತಾರೆ,
ಗಾರೆ ಕೆಲಸ, ಕಾವಲು, ಆಸ್ಪತ್ರೆಯ ನೆಲ.
ರಾತ್ರಿ ಯಾರು ವಾಪಸು ಬರಲಿಲ್ಲ ಅಂತ
ಎಣಿಸುವ ಕಿಟಕಿ ಇಲ್ಲ.

ಶಾಫ್ಟಿನಲ್ಲಿ ನೀರು ಏರುತ್ತಿದೆ.
ಹೋದ ವಾರ ಪೆರಿಯನಾಯಗಿ ಬಂದಿದ್ದಳು, ಕಣ್ಣಲ್ಲಿ ಪೊರೆ.
ನೀರು ಎಲ್ಲಿವರೆಗೆ ಬಂತು? ಅವರಿಗೆ ಈಜು ಬಾರದು, ಅಂದಳು.
ಪೆಟ್ಟಿಗೆ ತೆಗೆದು ಬಿಲ್ಲೆ ಮುಂದೆ ಹಿಡಿದೆ.
ಹೆಬ್ಬೆರಳಲ್ಲಿ ಅಂಕಿ ಸವರಿದಳು, ಒಂದು, ಒಂದು, ನಾಲ್ಕು, ಏಳು,
ತಿರುಗಿ ನನ್ನ ಕೈಗೇ ಇಟ್ಟಳು.
ನಿನ್ನ ಕಾನೂನು ನಿನಗೇ ಮರೆತುಹೋಯಿತಾ?
ಅವರೇ ಬಂದು ಕೇಳಲಿ.

ಅದಕ್ಕೇ ಈ ಮನೆಯ ಕಿಟಕಿ ಹಾಕುವುದಿಲ್ಲ.
ಪುಡಿ ಬಂದರೆ ಬರಲಿ.